ಪಕ್ಕಪಕ್ಕದ ಎರಡು ಜೇಬು

ಜೂನ್ ೧೧, ಬುಧವಾರ.

ಮೂತ್ರಕೋಶದ ನೋವು ಇವತ್ತು ಅರ್ಧಕ್ಕರ್ಧ ಇಳಿದಿದೆ. ಇನ್ನೂ ನಂಬಿಕೆ ಬರುತ್ತಿಲ್ಲ. ಈ ನೋವಿಗೆ ಹೊಲಿಗೆ ಕೆಲಸವನ್ನೇ ಬಿಡಬೇಕು ಎಂದುಕೊಂಡಿದ್ದೆ.

ಪದೇ ಪದೇ ಎದ್ದು ಹೋಗಲು ನಾಚಿಕೆ ಎಂದು ಅಂಗಡಿಯಲ್ಲಿ ನೀರೇ ಕುಡಿಯುತ್ತಿರಲಿಲ್ಲ. ಮಲ ಕಲ್ಲಾಗಿತ್ತು. ಹೋದ ವಾರ ಡಾಕ್ಟರಮ್ಮನ ಮುಂದೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಜೊತೆಗೆ ಬಂದಿದ್ದ ಅತ್ತಿಗೆಯೇ ಹೇಳಿಬಿಟ್ಟಳು: "ಇವಳು ವಾರಕ್ಕೊಂದ್ಸಲ ಹೋದ್ರೆ ಮನೇಲಿ ಹಬ್ಬ ಮಾಡ್ತೀವಿ, ಡಾಕ್ಟ್ರೇ!" ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಡಾಕ್ಟರಮ್ಮ ನಗಲಿಲ್ಲ. "ಅದನ್ನೇ ಮೊದ್ಲು ಹೇಳ್ಬೇಕಿತ್ತಮ್ಮ. ಕರುಳು ತುಂಬಿದ್ರೆ ಪಕ್ಕದ ಮೂತ್ರಕೋಶನ ಒತ್ತುತ್ತೆ. ಎರಡಕ್ಕೂ ನರಗಳ ನಂಟೂ ಇದೆ. ನೀರು ಕುಡಿ, ಈ ಔಷಧಿ ತಗೋ" ಎಂದರು.

ಇವತ್ತು ಬೆಳಿಗ್ಗೆ ಹೊಟ್ಟೆ ಪೂರ್ತಿ ಖಾಲಿಯಾಯಿತು. ಆಮೇಲೆ ಒಂದು ಕೋಟ್‌ಗೆ ತೋಳು ಕೂರಿಸಿ ಮುಗಿಸುವವರೆಗೂ ನಾನು ಮೆಷಿನ್ ಬಿಟ್ಟು ಏಳಲಿಲ್ಲ. ಒಂದು ಜೇಬಿಗೆ ಚಿಂದಿ ತುರುಕಿದರೆ ಪಕ್ಕದ ಜೇಬಿನ ಹೊಲಿಗೆ ಬಿಗಿಯುವುದನ್ನು ದಿನಾ ನೋಡುತ್ತೇನೆ. ನನ್ನೊಳಗೂ ಹಾಗೆಯೇ ಇದೆಯಂತೆ!

ಕಿಬ್ಬೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡಿದ್ದೇನೆ. ಇಷ್ಟು ಒತ್ತೊತ್ತಾಗಿ ಇದನ್ನೆಲ್ಲ ಹೊಲಿದವರು ಯಾರೋ. ಲೋಟದ ತುಂಬ ನೀರಿದೆ. ಕುಡಿದು ಮಲಗುತ್ತೇನೆ. ನಡುರಾತ್ರಿ ಏಳಬೇಕಾದರೆ ಏಳುವುದು, ಅದಕ್ಕೇನು?