ಸಿಂಹ ನೋಡಲು ಹೊರಟವರು

ಮಾರ್ಚ್ ೯, ಭಾನುವಾರ

ಪ್ರೀತಿಯ ತಕ್ಕಡಿಗೆ,

ನಿನ್ನ ಕತ್ತಿ ಮಾಡುವ ನಮಸ್ಕಾರ. ನಿನ್ನ ಎರಡು ಪತ್ರಗಳು ಬಂದು ತಿಂಗಳಾಯಿತು. ಉತ್ತರ ಬರೆಯದೆ ಕೂತದ್ದು ಸೊಕ್ಕಿನಿಂದಲ್ಲ, ಮನೆಯ ಗದ್ದಲದಿಂದ. ನಿನ್ನ ಮಂಡಿನೋವು ಹೇಗಿದೆ? ಮಗಳ ಮನೆ ಮೂರನೆಯ ಮಹಡಿ ಎಂದು ಬರೆದಿದ್ದೀಯ. ದಿನಕ್ಕೊಮ್ಮೆ ಇಳಿದರೆ ಸಾಕು, ಹಟಕ್ಕೆ ಬಿದ್ದು ಹತ್ತಬೇಡ. ಮೃಗಾಲಯದ ಮಾಂಸದ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ನಾನು ಕತ್ತರಿಸಿದೆ, ನೀನು ತೂಗಿದೆ. ಕತ್ತಿ, ತಕ್ಕಡಿ ಎಂದು ನಮ್ಮನ್ನು ಕರೆಯುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಹೋದರು. ಈಗ ಆ ಹೆಸರು ನಮ್ಮಿಬ್ಬರ ಪತ್ರಗಳಲ್ಲಿ ಮಾತ್ರ ಬದುಕಿದೆ.

ಸುದ್ದಿ ಏನೆಂದರೆ, ನಮ್ಮ ಮನೆಯವರು ಸಫಾರಿಗೆ ಹೊರಟರು. ನಮ್ಮದೇ ಮೃಗಾಲಯಕ್ಕೆ. ನಾವು ಬಿಟ್ಟ ಮೇಲೆ ಅಲ್ಲಿ ಹೊಸ ರಸ್ತೆ ಹಾಕಿದ್ದಾರಂತೆ. ಜನ ತಮ್ಮ ತಮ್ಮ ಕಾರಿನಲ್ಲೇ, ಗಾಜು ಏರಿಸಿಕೊಂಡು, ಸಿಂಹದ ಪಕ್ಕದಲ್ಲೇ ಹೋಗಬಹುದಂತೆ. ಮಗ ಅತ್ತೆ ಮಾವನನ್ನು ಕರೆದುಕೊಂಡು ಹೋಗುತ್ತೇನೆ ಎಂದ. ಅಷ್ಟೇ ಸಾಕಾಯಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವವರು ಇವರು. ಮೂರು ಸಂಜೆ ನಮ್ಮ ಊಟದ ಮೇಜಿನ ಸುತ್ತ ಸಭೆ ನಡೆಯಿತು.

ನಮ್ಮ ಬೀಗರು ನಿವೃತ್ತ ಹೆಡ್‌ಮಾಸ್ಟರು. ನಿವೃತ್ತಿಯಾದದ್ದು ಸಂಬಳ ಮಾತ್ರ, ಬೆತ್ತವಲ್ಲ. ಹಾಳೆಗೆ ಗೀಟು ಎಳೆದು, ಕಿಟಕಿ ಪಕ್ಕ ಯಾರು ಎಷ್ಟು ಹೊತ್ತು ಕೂರಬೇಕು ಎಂದು ವೇಳಾಪಟ್ಟಿ ಮಾಡಿದರು. ಜಿಂಕೆಗೆ ಹತ್ತು ನಿಮಿಷ, ಕರಡಿಗೆ ಹದಿನೈದು. ಕರಡಿಗೆ ಈ ವಿಷಯ ತಿಳಿಸಿದ್ದೀರಾ ಎಂದು ಕೇಳಬೇಕೆನಿಸಿತು, ನಾಲಿಗೆ ಕಚ್ಚಿಕೊಂಡೆ. ಬೀಗಿತಿಗೆ ಒಂದೇ ಚಿಂತೆ, ಸೆಂಟು ಹಾಕಿಕೊಂಡರೆ ಹುಲಿ ಮೂಸಿಕೊಂಡು ಬರುತ್ತದೆಯೇ ಎಂದು. ಮೂಸಿದ ಹುಲಿಯ ಗತಿ ಏನು ಎಂದು ಯಾರೂ ಯೋಚಿಸಲಿಲ್ಲ. ಸೊಸೆ ಚಿರತೆಯ ಚುಕ್ಕೆಗಳಿರುವ ಅಂಗಿ ಕೊಂಡು ತಂದಳು. ನನ್ನ ಮಗನಂತೂ ಕೋತಿ ಹತ್ತಿ ಹೊಸ ಕಾರಿನ ಬಣ್ಣ ಗೀಚೀತು ಎಂದು ಕಾರಿಗೆ ಹೊದಿಕೆ ಹುಡುಕುತ್ತಿದ್ದ. ಹೊದಿಕೆ ಹೊದ್ದು ಒಳಗೆ ಕೂತರೆ ಇವರು ನೋಡುವುದು ಒಬ್ಬರ ಮುಖ ಒಬ್ಬರು. ಅದಕ್ಕೆ ಅಷ್ಟು ದೂರ ಏಕೆ ಹೋಗಬೇಕು?

ನನಗೂ ಮೊದಲ ಸಂಜೆಯೇ ಆಜ್ಞೆ ಆಗಿತ್ತು. ಅಡುಗೆಮನೆಗೆ ಕರೆದು ಮಗ ಹೇಳಿದ, ತನ್ನ ಮದುವೆಯ ಮಾತುಕತೆಯಲ್ಲಿ ಅಮ್ಮ ಮೃಗಾಲಯದ ಆಫೀಸಿನಲ್ಲಿದ್ದಳು ಎಂದು ಹೇಳಿದ್ದಾನಂತೆ, ಗೇಟಿನಲ್ಲಿ ಹಳಬರು ಯಾರಾದರೂ ಮಾತಾಡಿಸಿದರೆ ನಕ್ಕು ಮುಂದೆ ಹೋಗಬೇಕಂತೆ. ಆಗಲಿ ಎಂದೆ. ಎರಡು ಸಂಜೆ ಆಫೀಸಿನವಳಾಗಿಯೇ ಕೂತಿದ್ದೆ.

ಮೂರನೆಯ ಸಂಜೆ ಊಟಕ್ಕೆ ಕೂತಾಗ ಬೀಗರು ಪಾಠ ಶುರು ಮಾಡಿದರು. ಸಿಂಹಗಳಿಗೆ ಬೆಳಿಗ್ಗೆಯೇ ಜೀವಂತ ಕುರಿ ಬಿಡುತ್ತಾರೆ, ಹೊಟ್ಟೆ ತುಂಬಿರುತ್ತದೆ, ಆದ್ದರಿಂದ ನಾವು ಹತ್ತೂವರೆಗೆ ಹೋದರೆ ಕ್ಷೇಮ ಎಂದರು. ಎಲ್ಲರೂ ತಲೆಯಾಡಿಸಿದರು. ನನಗೆ ತಡೆಯಲಾಗಲಿಲ್ಲ ಕಣೇ.

“ಬೀಗರೇ, ಜೀವಂತ ಕುರಿ ಯಾವತ್ತೂ ಬಿಟ್ಟಿಲ್ಲ,” ಎಂದೆ. “ಊಟ ಹಾಕೋದು ಸಂಜೆ, ಒಳಗಿನ ಬೋನಿನಲ್ಲಿ. ಒಂದೊಂದಕ್ಕೆ ಏಳು ಕಿಲೋ, ಮೂಳೆ ಸಮೇತ. ಸೋಮವಾರ ಉಪವಾಸ.”

ಬೀಗಿತಿ ಪಾಪ, ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. “ಆಫೀಸಿನೋರಿಗೆ ಇಷ್ಟೆಲ್ಲ ಗೊತ್ತಿರುತ್ತಾ?” ಎಂದರು. ಮಗ ನೀರಿನ ಲೋಟದೊಳಗೆ ಏನೋ ಬಿದ್ದಿದೆ ಎನ್ನುವಂತೆ ನೋಡುತ್ತಾ ಕೂತ.

“ಆಫೀಸಲ್ಲ. ನಾನು ಮಾಂಸ ಕತ್ತರಿಸ್ತಿದ್ದೆ.”

ಬೀಗಿತಿ ನನ್ನ ಕೈ ನೋಡಿದರು. ಆಮೇಲೆ, ಆ ಕೈ ಬಡಿಸಿದ ತಮ್ಮ ತಟ್ಟೆ ನೋಡಿದರು. ಬೀಗರು ಗಂಟಲು ಸರಿಮಾಡಿಕೊಂಡು, ಯಾವ ಕೆಲಸವೂ ಕೀಳಲ್ಲ ಎಂದರು, ಫೇಲಾದವನ ಬೆನ್ನು ತಟ್ಟುವ ದನಿಯಲ್ಲಿ.

ಮರುದಿನ ಬೆಳಿಗ್ಗೆ ನಾನು ಬಟ್ಟೆ ಒಣಗಿಸುತ್ತಿದ್ದಾಗ ಮಗ ಬಂದು ನಿಂತ. ಕಾರಿನಲ್ಲಿ ಜಾಗ ಸಾಲುವುದಿಲ್ಲವೇನೋ ಎಂದ. ಐದು ಸೀಟು, ಐದು ಜನ, ಎಲ್ಲಿ ಸಾಲುವುದಿಲ್ಲ ಎಂದು ಕೇಳಿದೆ. ತಿಂಡಿಯ ಬುಟ್ಟಿ ದೊಡ್ಡದಂತೆ. ನೋಡು ತಕ್ಕಡಿ, ಹೆತ್ತ ತಾಯಿಗೂ ಬುಟ್ಟಿಗೂ ತೂಕ ಹಾಕಿ, ಬುಟ್ಟಿಯ ಕಡೆ ಜಗ್ಗಿತು. ನೀನು ಎಂದಾದರೂ ಹೀಗೆ ತೂಗಿದ್ದುಂಟೇ? ಅಮ್ಮನ ಕೆಲಸಕ್ಕೆ ನಾಚಿಕೊಳ್ಳುವವನು ಆ ಕೆಲಸದ ಅನ್ನ ಉಂಡು ಬೆಳೆಯಬಾರದಿತ್ತು ಎಂದು ಅಂದೇಬಿಟ್ಟೆ.

ಇವತ್ತು ಏಳು ಗಂಟೆಗೆ ನಾಲ್ಕು ಜನ, ಒಂದು ಬುಟ್ಟಿ ಹೊರಟರು. ಬೀಗರ ಕೊರಳಲ್ಲಿ ದುರ್ಬೀನು. ಕಾರಿನಿಂದ ಎರಡು ಮಾರು ದೂರದಲ್ಲಿರುವ ಸಿಂಹಕ್ಕೆ ದುರ್ಬೀನು! ಅದು ಇವರನ್ನು ನೋಡಿ ಒಂದು ಆಕಳಿಕೆ ತೆಗೆದು ಮಗ್ಗುಲು ಬದಲಿಸುತ್ತದೆ. ಇವರು ವರ್ಷವಿಡೀ ಅದನ್ನು ಗರ್ಜನೆ ಎಂದು ಹೇಳಿಕೊಂಡು ತಿರುಗುತ್ತಾರೆ.

ನಿನ್ನ ಮೊಮ್ಮಗಳಿಗೆ ನನ್ನ ಆಶೀರ್ವಾದ. ಚೆನ್ನಾಗಿ ಓದಲಿ, ನಮ್ಮ ಬೀಗರಷ್ಟು ಓದದಿರಲಿ. ಮಗಳು ಅಳಿಯ ನೂರು ಕಾಲ ಬಾಳಲಿ. ಮಂಡಿಗೆ ಬಿಸಿನೀರಿನ ಶಾಖ ಕೊಡು.

ನಿನ್ನ
ಕತ್ತಿ

ಮತ್ತೆ ಒಂದು ಮಾತು: ಪತ್ರ ಮಡಿಸಿದವಳು ಮತ್ತೆ ಬಿಚ್ಚಿದ್ದೇನೆ. ಬಟ್ಟೆ ಒಣಗಿಸುವಲ್ಲಿ ನಡೆದದ್ದನ್ನು ಅರ್ಧಕ್ಕೇ ನಿಲ್ಲಿಸಿದ್ದೆ. ನಾನು ಹಾಗೆ ಅಂದದ್ದಕ್ಕೆ ಅವನು ಸಿಟ್ಟಾಗಲಿಲ್ಲ. “ಆಫೀಸು ಅಂತ ಮೊದಲು ಹೇಳಿದ್ದು ನಾನಲ್ಲಮ್ಮ,” ಎಂದ. “ಮೂರನೇ ಕ್ಲಾಸಲ್ಲಿ ನೀನೇ ಹೇಳಿಕೊಟ್ಟಿದ್ದು. ನಮ್ಮಮ್ಮ ಸಿಂಹಕ್ಕೆ ಊಟ ಕೊಡ್ತಾಳೆ ಅಂತ ಹೇಳ್ತೀನಿ ಅಂದಿದ್ದಕ್ಕೆ ಬಾಯಿ ಮುಚ್ಚಿಸಿದ್ದೆ.” ನಿಜ. ಆಗ ನೆನಪಾದದ್ದು ಅವನ ವಿಷಯ ಮಾತ್ರವಲ್ಲ, ನಿನ್ನದೂ. ಅದೇ ವರ್ಷ ಅವನಿಗೆ ಓಟದಲ್ಲಿ ಬಹುಮಾನ ಬಂದ ದಿನ ನೀನು ಕೆಲಸದಿಂದ ನೇರ ಶಾಲೆಗೆ ಓಡಿ ಬಂದಿದ್ದೆ, ರಬ್ಬರು ಬೂಟಿನಲ್ಲೇ. ಇವರು ಯಾರು ಎಂದು ಅವನ ಟೀಚರು ಕೇಳಿದರು. ನಮ್ಮ ಮನೆಕೆಲಸದವಳು ಎಂದೆ. ನೀನು ನನ್ನ ಹಿಂದೆಯೇ ಇದ್ದೆ. ಅವತ್ತು ಬಸ್ಸಿನಲ್ಲಿ ನೀನು ಬೇರೆ ಸೀಟಿನಲ್ಲಿ ಕೂತೆ, ಮರುದಿನ ಎಂದಿನಂತೆ ತೂಗಿದೆ. ಇಷ್ಟು ವರ್ಷ ನೀನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಆ ಮಾತು ನಿನ್ನ ಕಿವಿಗೆ ಬಿದ್ದಿತ್ತೇ? ನನಗೆ ನೋವಾದೀತೆಂದು ಇಲ್ಲ ಅಂತ ಬರೆಯಬೇಡ.