ಖಚಿತವಾದರೆ ಮಾತ್ರ

ಕೊಪ್ಪಳ
೪ ನವೆಂಬರ್ ೨೦೨೫

ನನ್ನ ಅನ್ನಕ್ಕನಿಗೆ,

ಶಾಂಭವಿಯ ನಮಸ್ಕಾರ. ಫೋನ್ ಇರುವಾಗ ಇವಳೇನು ಕಾಗದ ಬರೆಯುತ್ತ ಕೂತಿದ್ದಾಳೆ ಎಂದು ಹುಬ್ಬೇರಿಸಬೇಡ. ನಿನ್ನ ಕೈಯಲ್ಲಿರುವುದು ನಮ್ಮ ಅಧ್ಯಯನದವರು ಕೊಟ್ಟ ಫೋನು. ಅದರಲ್ಲಿ ಆಡಿದ ಮಾತೆಲ್ಲ ನಮ್ಮ ಲ್ಯಾಬಿನಲ್ಲಿ ಉಳಿಯುತ್ತದೆ. ಭಾವನ ಫೋನಿಗೆ ಮಾಡೋಣ ಎಂದರೆ ಅವರು ಸ್ಪೀಕರ್ ಹಾಕಿ ಇಡೀ ಓಣಿಗೆ ಕೇಳಿಸುತ್ತಾರೆ. ಅದಕ್ಕೇ ಹಾಲಿನ ಗಾಡಿಯ ಪಕ್ಕೀರಪ್ಪನ ಕೈಗೆ ಇದನ್ನು ಕೊಟ್ಟಿದ್ದೇನೆ. ಒಬ್ಬಳೇ ಕೂತು ಓದು.

ನೀನು ಭವಾನಿಯನ್ನು ಕರೆದುಕೊಂಡು ನಾಳೆಯೇ ಇಲ್ಲಿಗೆ ಬಾ. ತಾಯಿ ಮಗಳು ಈ ತಿಂಗಳು ಪೂರ್ತಿ ನನ್ನ ಜೊತೆ ಇರಿ. ಕೋಣೆ ಸಣ್ಣದಾದರೂ ಮೂವರಿಗೆ ಸಾಕು. ನಿಮ್ಮ ಅತ್ತೆ ಯಾಕೆ ಎಂದು ಕೇಳಿದರೆ ಹುಲಿಗೆಮ್ಮನ ಹರಕೆ ಬಾಕಿ ಇದೆ ಎಂದು ಹೇಳು, ಪಾರಮ್ಮತ್ತೆ ದೇವರ ಮಾತಿಗೆ ಎದುರಾಡುವವರಲ್ಲ. ಭವಾನಿಗೆ ಕಾಲೇಜಿನ ಪುಸ್ತಕ ಕೊಡಿಸುವುದಿದೆ ಎಂದರೂ ನಡೆಯುತ್ತದೆ. ಇಲ್ಲವೇ ನನಗೇ ಮೈ ಹುಷಾರಿಲ್ಲ ಎನ್ನು.

ನೀನು ಬರುವುದಿಲ್ಲ, ಗೊತ್ತು. "ಹೂವು ಯಾರು ಹರೀತಾರ, ನಿಮ್ಮಪ್ಪನಾ?" ಎನ್ನುತ್ತೀ. ಇಬ್ಬರಿಗೂ ಒಬ್ಬನೇ ಅಪ್ಪ ಎಂಬುದು ಸಿಟ್ಟು ಬಂದಾಗ ನಿನಗೆ ನೆನಪಿರುವುದಿಲ್ಲ. ಅದಕ್ಕೇ ಇಷ್ಟವಿಲ್ಲದಿದ್ದರೂ ಉಳಿದದ್ದನ್ನೂ ಬರೆಯಬೇಕಾಗಿದೆ.

ನನ್ನ ಓದು ಏನು ಎಂದು ನೀನು ಕೇಳಿದಾಗ ಹೇಳಿದ್ದೆನಲ್ಲ. ಯಂತ್ರಕ್ಕೆ ಬುದ್ಧಿ ಕೊಡುವುದು ಬೇರೆಯವರ ಕೆಲಸ. ಬುದ್ಧಿ ಬಂದ ಯಂತ್ರ ಮನುಷ್ಯರ ಜೊತೆ ಹೇಗೆ ಹೊಂದಿಕೊಂಡು ಹೋಗಬೇಕು, ಯಾವಾಗ ಬಾಯಿ ಬಿಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದು ನನ್ನ ಪಿಎಚ್‌ಡಿ. "ಹೊಸ ಸೊಸಿಗೆ ಹೇಳಿದಂಗ" ಎಂದು ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಗುಡ್ಡದ ಬಂಡೆಗಳಿಗೆ ನಾವು ಕ್ಯಾಮೆರಾ ಕಟ್ಟಿದ್ದು, ಚಿರತೆ ಕಂಡರೆ ಮನೆಮನೆಯ ಫೋನಿಗೂ ನನ್ನದಕ್ಕೂ ಕರೆ ಬಂದು ನನ್ನ ದನಿಯಲ್ಲಿ ಎಚ್ಚರಿಕೆ ಕೇಳುವುದು, ಇಷ್ಟು ನಿಮಗೆಲ್ಲ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ಕಾಲುವೆ ಆಚೆಯ ರೈತರ ಕ್ಯಾಂಪಿನ ಫೋನು ಒಂದು ಥರ, ನಿಮ್ಮ ಬೂದಗುಂಡಿನ ಫೋನು ಇನ್ನೊಂದು ಥರ.

ಕ್ಯಾಂಪಿನಲ್ಲಿ ಯಂತ್ರಕ್ಕೆ ಚೂರು ಸಂಶಯ ಬಂದರೂ ಸಾಕು, ಕರೆ ಹೋಗುತ್ತದೆ. ನಾಯಿ ಓಡಿದರೂ ಕರೆ, ಮೋಡದ ನೆರಳು ಸರಿದರೂ ಕರೆ. ಅಲ್ಲಿಯವರು ನನ್ನ ದನಿಗೆ ಹಿಡಿಶಾಪ ಹಾಕಿ ಅರ್ಧಕ್ಕರ್ಧ ಜನ ಫೋನ್ ಬಂದ್ ಮಾಡಿಟ್ಟಿದ್ದಾರೆ. ನಿಮ್ಮಲ್ಲಿ ಹಾಗಲ್ಲ, ಯಂತ್ರಕ್ಕೆ ಖಚಿತವಾದರೆ ಮಾತ್ರ ಕರೆ. ಸಂಶಯವಿದ್ದಷ್ಟು ಹೊತ್ತು ಅದು ಬಾಯಿ ಬಿಡುವುದಿಲ್ಲ. ಜನ ಯಾವುದನ್ನು ಹೆಚ್ಚು ನಂಬುತ್ತಾರೆ ಎಂದು ನೋಡುವುದೇ ನಮ್ಮ ಅಧ್ಯಯನ. ಮೊದಲೇ ಹೇಳಿದರೆ ನಿಮ್ಮ ನಡವಳಿಕೆ ಬದಲಾಗುತ್ತದೆ ಎಂದು ಹೇಳಲಿಲ್ಲ. ಅಂದರೆ ಫೋನು ಬರದಿದ್ದರೆ ಚಿರತೆ ಇಲ್ಲ ಎಂದು ಅರ್ಥವಲ್ಲ, ಅಕ್ಕ.

ಶುರುವಿನಲ್ಲಿ ನಸುಕಿಗೆ ನೀವೆಲ್ಲ ಕನಕಾಂಬರ ಹರಿಯಲು ಹೊರಟಾಗ ನನ್ನ ಪರದೆಯ ಮೇಲೆ ನಿಮ್ಮ ಫೋನುಗಳ ಚುಕ್ಕೆಗಳು ಊರಬಾಗಿಲ ಅಗಸಿಯ ಹತ್ತಿರ ಸೇರುತ್ತಿದ್ದವು. ಪಾರಮ್ಮತ್ತೆ ಒಬ್ಬೊಬ್ಬರ ಹೆಸರು ಕೂಗಿ, ಎಲ್ಲರೂ ಓ ಎಂದ ಮೇಲೆಯೇ ಗುಂಪು ಗುಡ್ಡದ ಕಡೆ ಸರಿಯುತ್ತಿತ್ತು. ಗಣೇಶ ಹಬ್ಬದ ಸುಮಾರಿಗೆ ಒಮ್ಮೆ ನಿಮಗೆ ಕರೆ ಬಂತಲ್ಲ, ಬಂಡೆಯ ಮೇಲೆ ಚಿರತೆಯೂ ಕಂಡಿತಲ್ಲ, ಅಲ್ಲಿಂದ ಯಾರೂ ಯಾರಿಗೂ ಕಾಯುವುದಿಲ್ಲ. ಫೋನಿದೆಯಲ್ಲ ಎಂದು ಒಬ್ಬೊಬ್ಬರೇ ಹೋಗುತ್ತೀರಿ. ಕತ್ತಲಲ್ಲಿ ಒಂದು ಚುಕ್ಕೆ ಇಲ್ಲಿ, ಒಂದು ಚುಕ್ಕೆ ಅಲ್ಲಿ. ನಮ್ಮ ಗೈಡ್ ಮೇಡಂ ಅದನ್ನು ನೋಡಿ, ನಂಬಿಕೆ ಅಂದರೆ ಇದು ಶಾಂಭವಿ, ಎಂದು ಬೆನ್ನು ತಟ್ಟಿದರು. ನಾನೂ ಹಿಗ್ಗಿದೆ.

ಹೋದ ವಾರದಿಂದ ನಿಮ್ಮ ಹೂವಿನ ಹೊಲದ ಮೇಲಿನ ಬಂಡೆಯ ಕ್ಯಾಮೆರಾದಲ್ಲಿ ಒಂದು ಆಕಾರ ಮತ್ತೆ ಮತ್ತೆ ಬರುತ್ತಿದೆ. ಚಿತ್ರ ಮಸುಕು. ಯಂತ್ರಕ್ಕೆ ಸಂಶಯ. ನನಗೆ ಇಲ್ಲ. ಬೆನ್ನು, ಬಾಲ ಎಲ್ಲ ನೋಡಿದ್ದೇನೆ. ಮೇಡಂಗೆ ತೋರಿಸಿದರೆ, ನಾವು ಅಳೆಯುತ್ತಿರುವುದು ಯಂತ್ರವನ್ನು ಮತ್ತು ಜನರನ್ನು, ನಿನ್ನ ಕಣ್ಣನ್ನಲ್ಲ, ಇನ್ನು ಸ್ವಲ್ಪ ದಿನ ತಡೆ ಎಂದರು. ಊರಿಗೆಲ್ಲ ಕರೆ ಕಳಿಸುವ ಗುಂಡಿಯೊಂದು ನನ್ನ ಕೈಯಲ್ಲೂ ಇದೆ. ಒತ್ತಿದರೆ ಲೆಕ್ಕವೆಲ್ಲ ಕೆಟ್ಟು ಪಿಎಚ್‌ಡಿ ಅಲ್ಲಿಗೆ ಮುಗಿಯಿತು. ಬೆರಳು ಅಲ್ಲಿಯವರೆಗೆ ಹೋಗಿ ವಾಪಸ್ ಬರುತ್ತಿದೆ. ನೀವಿಬ್ಬರು ಬಂದುಬಿಟ್ಟರೆ ನನಗೆ ನಿದ್ದೆ ಹತ್ತುತ್ತದೆ.

ನಿನ್ನ ದಾರಿ ನೋಡುತ್ತಿರುವ,
ಶಾಂಭವಿ

ತಾ.ಕ.: ಓದಿದ ಕೂಡಲೇ ಇದನ್ನು ಒಲೆಗೆ ಹಾಕು. ನಿನ್ನ ಗೆಳತಿ ನಾಹೀದಾಗೆ ಹೇಳಬೇಡ, ನಿಮ್ಮ ಅತ್ತೆಗೂ ಬೇಡ. ಅವರೆಲ್ಲ ಮತ್ತೆ ಅಗಸಿಯಲ್ಲಿ ಸೇರಿ ಗುಂಪಾಗಿ ಹೋಗತೊಡಗಿದರೆ ಪರದೆಯಲ್ಲಿ ಮೇಡಂಗೆ ಗೊತ್ತಾಗಿಬಿಡುತ್ತದೆ.

*

ಬೂದಗುಂಡು
೬ ನವೆಂಬರ್ ೨೦೨೫

ಶಾಂಭವಿಗೆ,

ಆಶೀರ್ವಾದ ಎಂದು ಬರೆಯಲು ಹೋದೆ, ಪೆನ್ನು ಮುಂದಕ್ಕೆ ಹೋಗಲಿಲ್ಲ. ಅದನ್ನು ನೀನು ಕೆಲಸ ಮಾಡಿ ಗಳಿಸಿಕೋ.

ನಿನ್ನ ಕಾಗದವನ್ನು ನಾನು ಒಲೆಗೆ ಹಾಕಲಿಲ್ಲ. ನಿನ್ನೆ ಸಂಜೆ ಅಗಸಿಯ ಕಟ್ಟೆ ಮೇಲೆ ನಿಂತು ಎಲ್ಲರಿಗೂ ಗಟ್ಟಿಯಾಗಿ ಓದಿದೆ, ಕಡೆಯ ತಾ.ಕ. ಸಹಿತ. ನಿನ್ನ ಮಾನ ಹೋದರೆ ಹೋಗಲಿ ಎಂದುಕೊಂಡೆ. ಏನು ಹುಡುಗಿಯೇ ನೀನು! ನನ್ನನ್ನೂ ನನ್ನ ಮಗಳನ್ನೂ ಎತ್ತಿ ಪಕ್ಕಕ್ಕಿಟ್ಟುಕೊಂಡು ಉಳಿದವರನ್ನು ಕತ್ತಲಲ್ಲಿ ನಡೆಸಿ ನೋಡುತ್ತ ಕೂರುವವಳೇ? ಭವಾನಿ ಹುಟ್ಟುವಾಗ ಇಡೀ ದಿನ ನನ್ನ ಕೈ ಹಿಡಿದು ಕೂತವಳು ಈ ಪಕ್ಕದ ಮನೆಯ ನಾಹೀದಾ. ನೀನು ಆಗ ಹಾಸ್ಟೆಲಿನಲ್ಲಿ ಪರೀಕ್ಷೆ ಬರೆಯುತ್ತಿದ್ದೆ. ಅವಳಿಗೆ ಹೇಳಬೇಡ ಎಂದು ನನಗೇ ಬರೆಯುತ್ತೀ. ಓದಿದಾಗ ನನಗೆ ಬಂದ ಅಳುವಿಗೆ ಚಿರತೆ ಕಾರಣವಲ್ಲ.

ಆದರೆ ಮುಂದೆ ಆದದ್ದು ಕೇಳು. ಒಬ್ಬರೂ ನಂಬಲಿಲ್ಲ. ನಾಹೀದಾ ಬಿದ್ದು ಬಿದ್ದು ನಕ್ಕಳು. "ಅನ್ನಕ್ಕಾ, ದೀಪಾವಳಿಗೆ ನೀ ಒಬ್ಬಾಕಿನ ಮೊದಲ್ನೇ ಬಸ್ಸಿಗೆ ಹೂವು ಹಾಕಿ ಛಲೋ ರೇಟ್ ತಗೊಂಡಿ. ಈಗ ನಮ್ಮನ್ನ ಇಲ್ಲೇ ತಡದು ನಿಲ್ಲಸಾಕ ಕಾಗದ ಬರಕೊಂಡು ಬಂದೀ ಏನ?" ಎಂದಳು. ಅಕ್ಷರ ನನ್ನ ತಂಗಿಯದು, ನೋಡಿರಿ ಎಂದು ಎಲ್ಲರ ಮುಖಕ್ಕೆ ಹಿಡಿದೆ. ಖೈರುನಬಿ ಕಾಗದದ ಕಡೆ ನೋಡಲೂ ಇಲ್ಲ. "ನಿನ್ ತಂಗಿ ದನಿ ನಾವು ಕಿವೀಲೆ ಕೇಳೇವಿ. ಒಮ್ಮೆ ಫೋನ್ ಮಾಡಿದ್ಲು, ಖರೇ ಆತು. ಗಂಡಾಂತರ ಇದ್ರ ಅಕಿನ ಫೋನ್ ಮಾಡತಾಳ ತಗೋ" ಎಂದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಭವಾನಿಯೇ, "ನಮ್ಮ ಚಿಗವ್ವ ಹಂಗ ಮಾಡಾಕಿ ಅಲ್ಲಬೇ" ಎಂದು ಎಲ್ಲರೆದುರು ನನಗೆ ಬುದ್ಧಿ ಹೇಳಿದಳು.

ನಂಬಿದವರು ಅತ್ತೆ ಒಬ್ಬರೇ. ಇವತ್ತು ನಸುಕಿಗೆ ಅಗಸಿಯಲ್ಲಿ ನಿಂತು ಹಿಂದಿನಂತೆ ಹೆಸರು ಹಿಡಿದು ಕೂಗಿದರು. ಓ ಎಂದವಳು ನಾನೊಬ್ಬಳೇ. ಉಳಿದವರು ಅಷ್ಟರಲ್ಲಿ ಹೋಗಿಯಾಗಿತ್ತು. ಅನ್ನಪೂರ್ಣ ಏನೋ ಮಸಲತ್ತು ಮಾಡುತ್ತಿದ್ದಾಳೆ, ಅವಳಿಗಿಂತ ಮೊದಲೇ ಹೂವು ಹರಿಯಬೇಕು ಎಂದು ದಿನಕ್ಕಿಂತ ಮುಂಚೆ ಎದ್ದು, ಇನ್ನೂ ಗವ್ವನೆ ಕತ್ತಲಿರುವಾಗಲೇ ಒಬ್ಬೊಬ್ಬರೇ ಹೊರಟುಬಿಟ್ಟಿದ್ದಾರೆ. ನಾನು ಓದಿದ್ದರಿಂದ ಆದ ಉಪಕಾರ ಇದು. ಸಿಟ್ಟು ಬಂದರೆ ಬಾಯಿ ಬಡಿದುಕೊಳ್ಳುವುದೊಂದೇ ನನಗೆ ಬರುವ ವಿದ್ಯೆ, ಅದು ಇಲ್ಲಿ ನಡೆಯಲಿಲ್ಲ.

ಇನ್ನು ಉಳಿದಿರುವುದು ನಿನ್ನ ಬೆರಳು. ನೀನು ಬರೆದದ್ದನ್ನು ಇವರು ನಂಬುವುದಿಲ್ಲ, ನಿನ್ನ ದನಿಯನ್ನು ನಂಬುತ್ತಾರೆ. ಆ ಗುಂಡಿಯನ್ನು ಒತ್ತು. ಎಲ್ಲರ ಫೋನೂ ಒಟ್ಟಿಗೆ ಬಡಿಯಲಿ. ಪಿಎಚ್‌ಡಿ ಹೋದರೆ ಇನ್ನೊಂದು ಮಾಡು, ನಿನಗೇನು ವಯಸ್ಸಾಗಿದೆ. ಇದನ್ನು ಪಕ್ಕೀರಪ್ಪ ಮಧ್ಯಾಹ್ನದೊಳಗೆ ನಿನಗೆ ಮುಟ್ಟಿಸುತ್ತಾನೆ. ನಾಳೆ ನಸುಕಿಗೆ ಅವರ ಫೋನುಗಳ ಸದ್ದಿಗೆ ನಾನು ಕಿವಿ ಕೊಟ್ಟುಕೊಂಡಿರುತ್ತೇನೆ.

ನಿನ್ನ ಅಕ್ಕ,
ಅನ್ನಪೂರ್ಣ

ತಾ.ಕ.: ಭವಾನಿಯನ್ನು ಈ ಗಾಡಿಯಲ್ಲೇ ನಿನ್ನ ಕಡೆ ಕಳಿಸೋಣ ಎಂದು ಬಟ್ಟೆ ತುಂಬಿದ್ದೆ. "ಬೇಕಾದ್ರ ನೀ ಹೋಗಬೇ, ಹೂವು ನಾ ಹರೀತೀನಿ" ಎಂದು ಚೀಲ ಬಿಚ್ಚಿಬಿಟ್ಟಳು. ಇನ್ನು ಮೇಲೆ ಅವಳಿಗಿಂತ, ಊರವರೆಲ್ಲರಿಗಿಂತ ಮೊದಲು ನಾನೇ ಹೋಗಿ ಆ ಬಂಡೆಯ ಕೆಳಗೆ ನಿಲ್ಲುತ್ತೇನೆ. ಮನುಷ್ಯರ ಸದ್ದು ಕೇಳಿದರೆ ಅದು ಹೋದರೂ ಹೋದೀತು.

*

ಗಿಣಿಗೇರಾ ದಾಟಿ, ಗಂಗಾವತಿಯ ಬಸ್ಸಿನಲ್ಲಿ
೮ ನವೆಂಬರ್, ಬೆಳಿಗ್ಗೆ

ಅಕ್ಕ,

ಬಸ್ಸು ಕುಲುಕುತ್ತಿದೆ, ಅಕ್ಷರ ನೆಟ್ಟಗೆ ಬರುತ್ತಿಲ್ಲ. ಮಾತಾಡಲು ನಿನ್ನ ಹತ್ತಿರ ಫೋನಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸುಮ್ಮನೆ ಕೂತರೆ ತಲೆ ಕೆಡುತ್ತದೆ.

ನಿನ್ನ ಕಾಗದ ಮೊನ್ನೆಯೇ ಸಿಕ್ಕಿತು. ನಿನ್ನೆ ನಾನು ಒತ್ತಲಿಲ್ಲ. ಮೇಡಂ ಜೊತೆ ಇನ್ನೊಂದು ಸಲ ಮಾತಾಡಿ ನೋಡೋಣ ಎಂದುಕೊಂಡೆ. ಮಾತಾಡಿದೆ, ಅವರು ಅದನ್ನೇ ಹೇಳಿದರು. ನಿನ್ನೆ ಎಲ್ಲರೂ ಸುಖವಾಗಿ ಮನೆಗೆ ಬಂದರು, ಆ ಧೈರ್ಯದಲ್ಲಿ ಒಂದು ದಿನ ಹೋಯಿತು. ಇವತ್ತು ನಸುಕಿಗೆ ಪರದೆಯ ಮುಂದೆ ಕೂತೆ. ಚುಕ್ಕೆಗಳು ಒಂದೊಂದಾಗಿ ಗುಡ್ಡದ ಕಡೆ ಹೊರಟವು. ಆಗ ತಡೆಯಲಾಗಲಿಲ್ಲ, ಒತ್ತಿಬಿಟ್ಟೆ.

ಅಕ್ಕ, ಅವರು ನಿಂತರು. ಎಲ್ಲ ಚುಕ್ಕೆಗಳೂ ಇದ್ದಲ್ಲೇ ನಿಂತವು. ಆಮೇಲೆ ಒಂದು ಹಿಂದೆ ತಿರುಗಿತು, ಅದರ ಹಿಂದೆ ಇನ್ನೊಂದು. ನಾಹೀದಾ, ಖೈರುನಬಿ, ನಮ್ಮ ಭವಾನಿ, ಒಬ್ಬರೂ ಬಿಡದಂತೆ ಅಗಸಿಗೆ ಬಂದು ಸೇರಿದರು. ನಿನ್ನ ಚುಕ್ಕೆ ಮನೆಯಲ್ಲೇ ಇತ್ತು. ಇವಳು ಇವತ್ತು ಹೋಗಲೇ ಇಲ್ಲ, ಪುಣ್ಯ ಎಂದು ನಾನು ಗಳಗಳನೆ ಅತ್ತೆ. ಮೇಡಂ ಬೈದರೆ ಬೈಯಲಿ, ಮೊದಲು ನಿನ್ನ ದನಿ ಕೇಳಬೇಕು ಎಂದು ಕರೆ ಮಾಡಿದೆ.

ಎತ್ತಿದವರು ಪಾರಮ್ಮತ್ತೆ. "ಅಕಿ ಎಲ್ಲಾರಕಿಂತ ಮೊದಲ ಹೋಗ್ಯಾಳವಾ. ನಿನ್ ಕಾಗದ ಓದಿದಾಗಿಂದ ಈ ಫೋನ್ ಕೈಯಾಗ ಹಿಡದಿಲ್ಲ, ಇದನ್ನ ನಂಬಿದ್ರ ಸಾಯ್ತೀವಿ ಅಂತ ಗ್ವಾಡಿ ಮಾಡದಾಗ ಇಟ್ಟಾಳ. ಆಗಳೆ ಬಡದಾಗ ನನಗ ಎತ್ತಾಕ ಆಗಲಿಲ್ಲ. ಯಾಕ, ಏನಾತು?" ಎಂದರು.

ಗುಡ್ಡಕ್ಕೆ ಗಂಡಸರನ್ನು ಕಳಿಸಿ ಎಂದು ಕೂಗಿದೆ. ಊರಲ್ಲೆಲ್ಲ ನನ್ನ ಕಾಗದವನ್ನು ಹೆಚ್ಚು ನಂಬಿದವಳು ನೀನು, ನನ್ನ ಕರೆ ಮುಟ್ಟದೆ ಹೋದದ್ದು ನಿನಗೊಬ್ಬಳಿಗೆ. ಭಾವ ಗಂಡಸರನ್ನು ಕರೆದುಕೊಂಡು ನಿನ್ನನ್ನು ಹುಡುಕಲು ಹೊರಟಿದ್ದಾರೆ. ನಾಹೀದಾ ನನಗೆ ಫೋನ್ ಮಾಡಿ, "ಅನ್ನಕ್ಕ ಹೇಳಿದ್ದು ಖರೇನ ಇತ್ತೇನವಾ?" ಎಂದು ಕೇಳಿದಳು. ಹೌದು ಎಂದೆ. ಅವಳು ಕಟ್ ಮಾಡಿದಳು. ನೀನು ಬಂಡೆಯ ಕೆಳಗೆ ಇರಬೇಡ ಅಕ್ಕ, ದಮ್ಮಯ್ಯ. ಬಯಲಿಗೆ ಬಾ, ದಾರಿಗೆ ಬಾ. ನಾನು ಬಂದ ಮೇಲೆ ಎರಡು ಬಾರಿಸು.

ನಿನ್ನ,
ಶಾಂಭವಿ

ತಾ.ಕ.: ಬರೆದು ಮಡಚುವಷ್ಟರಲ್ಲಿ ಫೋನ್ ಬಡಿಯಿತು. ನೀನು ಸಿಕ್ಕಿದೆ ಎಂದು ಹೇಳಲು ಭಾವ ಮಾಡಿರಬೇಕೆಂದು ತೆಗೆದೆ. ಕೇಳಿದ್ದು ನನ್ನದೇ ದನಿ. "ಗುಡ್ಡದ ಕಡಿ ಯಾರೂ ಹೋಗಬ್ಯಾಡ್ರಿ." ಈ ಸಲ ನಾನು ಒತ್ತಿಲ್ಲ, ಅಕ್ಕ. ಯಂತ್ರವೇ ಕರೆ ಮಾಡಿದೆ. ಅದಕ್ಕೆ ಈಗ ಖಚಿತವಾಗಿದೆ.