ಮುರಳಿಯ ಹಳೆಯ ಗುರುವಾರ

೧೦ ಜುಲೈ ೨೦೨೫, ಗುರುವಾರ. ಹಿಂದೂಪುರ.

ನನ್ನ ಕಂಪ್ಯೂಟರ್ ಪ್ರೋಗ್ರಾಂ ಇವತ್ತು ತಪ್ಪು ತಾರೀಖು ಹಾಕಿತು. ಇಷ್ಟೆಲ್ಲ ಆದದ್ದು ಅದರಿಂದಲೇ.

ಮುರಳಿ ಕಲ್ಯಾಣದುರ್ಗದ ಪುಟ್ಟ ರೇಡಿಯೋದಲ್ಲಿ ದಿನಾ ರೈತರ ಜೊತೆ ಮಾತಾಡುತ್ತಾನೆ. ರೇಡಿಯೋದವರು ಆ ಆಡಿಯೋಗೆ ಬರೀ ಸೋಮವಾರ, ಮಂಗಳವಾರ ಎಂದು ಹೆಸರಿಟ್ಟು ನೆಟ್‌ಗೆ ಹಾಕುತ್ತಾರೆ. ಮುಂದಿನ ವಾರ ಅದೇ ಹೆಸರಿನಲ್ಲಿ ಹೊಸದು ಬಂದು ಹಳೆಯದು ಅಳಿಸಿಹೋಗುತ್ತದೆ. ನಮ್ಮ ಮದುವೆ ಮುರಿದ ಮೇಲೆ, ಅವನ ದನಿಯಾದರೂ ಉಳಿಯಲಿ ಎಂದು ಪರ್ಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದುಕೊಂಡೆ. ಅದು ಫೈಲ್ ಇಳಿಸಿಕೊಂಡು, ವಾರದ ಹೆಸರಿನಿಂದ ತಾರೀಖು ಲೆಕ್ಕ ಹಾಕಿ, ಹೆಸರು ಬದಲಿಸುತ್ತದೆ.

ಸಂಜೆ ಆಫೀಸಿನಿಂದ ಬಂದು ಇವತ್ತಿನದನ್ನು ಹಾಕಿ ಕೇಳಿದೆ. "ಕಂಬದೂರು ಕಡೆ ಮಳೆ ಬಂದ್ಬುಟ್ಟೈತೆ ಕಣಪ್ಪ" ಎಂದ. ಹೋದ ವಾರವೂ ಅದನ್ನೇ ಹೇಳಿದ್ದ, ಅದೇ ಕೆಮ್ಮಿನ ಸಮೇತ. ಹೊಸದು ಬಂದೇ ಇರಲಿಲ್ಲ. ಹಳೆಯ ಗುರುವಾರಕ್ಕೆ ಇವತ್ತಿನ ತಾರೀಖು ಬಿದ್ದಿತ್ತು.

ಅವನಿಗೆ ಏನಾಯಿತೋ ಎಂದು ಹೆದರಿಕೆಯಾಯಿತು. ಬೇರೆಯಾದ ಮೇಲೆ ಮೊದಲ ಸಲ ಫೋನ್ ಮಾಡಿದೆ.

"ಜ್ವರ ಕಣೆ, ಗಂಟ್ಲು ಕಟ್ಕೊಂಡೈತೆ," ಎಂದ ಮುರಳಿ. "ಇವತ್ತು ಯಾಕೆ ಮಾತಾಡ್ಲಿಲ್ಲ ಅಂತ ಒಬ್ರೂ ಕೇಳ್ಲಿಲ್ಲ. ನಿಂಗೆಂಗೆ ಗೊತ್ತಾಯ್ತು, ಸರಿತಾ?"

"ದಿನಾ ಕೇಳ್ತೀನಿ."

ಒಮ್ಮೆ ಕೆಮ್ಮಿದ. ಆಮೇಲೆ, "ಊಟ ಆಯ್ತಾ?" ಎಂದ.

ಆಯ್ತು ಎಂದೆ. "ಸರೇ" ಎಂದು ಫೋನ್ ಇಟ್ಟುಬಿಟ್ಟ.

ನನ್ನ ಊಟ ಆಗಿರಲಿಲ್ಲ. ಇಲ್ಲ ಎಂದಿದ್ದರೆ ಬೈಯುತ್ತಿದ್ದ, ಇನ್ನಷ್ಟು ಹೊತ್ತು ಮಾತಾಡುತ್ತಿದ್ದ. ಪ್ರೋಗ್ರಾಂ ಸರಿಮಾಡುವುದು ಸುಲಭ, ಹಳೆಯ ಫೈಲಿಗೆ ಹೋಲಿಸಿ ನೋಡಿದರಾಯಿತು. ಈಗ ಮತ್ತೆ ಫೋನ್ ಮಾಡಿದರೆ ಎದ್ದಿರುತ್ತಾನೋ ಏನೋ, ಜ್ವರ ಬೇರೆ, ಆದರೂ ಒಂದು ಸಲ ಮಾಡಿ, ಊಟ ಆಗಿಲ್ಲ ಅಂತ—